ಸೀಸದ ಎರಕ ಮತ್ತು ಒಂದು ತೇವದ ಗುಂಡು

ಜಿಗ್ ಎಂದರೆ ಗಾಳದ ಕಾಂಡದ ಮೇಲೆಯೇ ಸೀಸದ ತಲೆಯನ್ನು ಎರಕ ಹೊಯ್ದು, ಅದರ ಕೊರಳಿಗೆ ಸಿಲಿಕೋನ್ ಎಳೆಗಳ ಕುಚ್ಚು ಕಟ್ಟಿ ತಯಾರಿಸುವ ಕೃತಕ ಎರೆ. ಗಾಳ, ಎರೆ, ತೂಕದ ಗುಂಡು ಈ ಮೂರೂ ಇದರಲ್ಲಿ ಒಂದೇ ವಸ್ತುವಾಗಿ ಸೇರಿರುತ್ತವೆ. ಉತ್ತರ ಅಮೆರಿಕದ ಸಿಹಿನೀರಿನ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಅಗಲ ಬಾಯಿಯ ಮೀನನ್ನು ಹಿಡಿಯುವವರು ಇದನ್ನು ತಳಕ್ಕೆ ಇಳಿಬಿಟ್ಟು ಮೆಲ್ಲಗೆ ಎಳೆದು ಕುಣಿಸುತ್ತಾರೆ. ಕುಚ್ಚಿನ ಎಳೆಗಳು ನೀರಿನಲ್ಲಿ ಅರಳಿ ಮುದುಡುವಾಗ ಅದು ಕಲ್ಲಿನ ಸಂದಿಯಲ್ಲಿ ತೆವಳುವ ಕ್ರಾಫಿಶ್ ಎಂಬ ಸಿಗಡಿಜಾತಿಯ ಪ್ರಾಣಿಯಂತೆ ಕಾಣುವುದರಿಂದ ಮೀನು ಬಾಯಿ ಹಾಕುತ್ತದೆ.

ಇದನ್ನು ಮನೆಯಲ್ಲೇ ಮಾಡಿಕೊಳ್ಳುವ ಹಂಬಲ ಹುಟ್ಟುವುದು ಸಾಮಾನ್ಯವಾಗಿ ಕಳೆದುಕೊಂಡ ಜಿಗ್‌ಗಳ ಲೆಕ್ಕದಿಂದ. ಡಲ್ಲಾಸ್ ನಗರದ ಪೂರ್ವಕ್ಕಿರುವ ಲೇಕ್ ಫೋರ್ಕ್ ಜಲಾಶಯದಲ್ಲಿ ಮುಳುಗಿದ ಕಾಡಿನ ಮರಗಳು ಇಂದಿಗೂ ನೀರಿನೊಳಗೆ ನಿಂತಿವೆ. 1992ರ ಜನವರಿಯಲ್ಲಿ ಟೆಕ್ಸಾಸ್ ರಾಜ್ಯದ ದಾಖಲೆಯಾದ 18.18 ಪೌಂಡ್ ತೂಕದ ಬಾಸ್ ಸಿಕ್ಕಿದ್ದೂ ಅಲ್ಲಿಯೇ. ದೊಡ್ಡ ಮೀನು ಆ ಬೊಡ್ಡೆಗಳ ಬುಡದಲ್ಲಿ ಇರುವುದರಿಂದ ಜಿಗ್ ಅಲ್ಲಿಗೇ ಹೋಗಬೇಕು, ಹೋದದ್ದರಲ್ಲಿ ಹಲವು ಅಲ್ಲೇ ಸಿಕ್ಕಿಹಾಕಿಕೊಂಡು ದಾರ ಹರಿಯುತ್ತದೆ. ಅಂಗಡಿಯಲ್ಲಿ ನಾಲ್ಕೈದು ಡಾಲರ್ ಕೊಟ್ಟು ತಂದ ಜಿಗ್‌ಗಳನ್ನು ಒಂದೇ ಬೆಳಗಿನಲ್ಲಿ ಆರೇಳು ಕಳೆದುಕೊಂಡವನಿಗೆ, ಒಂದು ಪೌಂಡ್ ಸೀಸದಲ್ಲಿ ಅರ್ಧ ಔನ್ಸಿನ, ಅಂದರೆ ಸುಮಾರು 14 ಗ್ರಾಂ ತೂಕದ, 32 ತಲೆಗಳು ಆಗುತ್ತವೆ ಎಂಬ ಲೆಕ್ಕ ಬಹಳ ಆಕರ್ಷಕವಾಗಿ ತೋರುತ್ತದೆ. ಈ ಲೇಖನದ ಕರ್ತೃವೂ ಅದೇ ಲೆಕ್ಕಕ್ಕೆ ಒಲಿದವನು. ಉಡುಪಿ ಜಿಲ್ಲೆಯ ಹೊಳೆದಂಡೆಯಲ್ಲಿ ಬೆಳೆದು, ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ನೆರೆಮನೆಯ ಹಿರಿಯರು ಇದ್ದಿಲ ಒಲೆಯ ಮೇಲೆ ಕರಗಿಸುವುದನ್ನು ನೋಡಿದ್ದ ಲೇಖಕನಿಗೆ ಈ ಕೆಲಸ ತನಗೆ ಗೊತ್ತಿರುವುದೇ ಎಂಬ ಭಾವನೆ ಇತ್ತು, ಮತ್ತು ಮುಂದೆ ನಡೆದುದಕ್ಕೆ ಆ ಭಾವನೆಯ ಪಾಲು ಸಣ್ಣದಲ್ಲ.

ಸಾಧನಗಳಲ್ಲಿ ಮೊದಲನೆಯದು ಅಚ್ಚು. ಅಯೋವಾ ರಾಜ್ಯದ ಡೂ-ಇಟ್ ಕಂಪನಿಯದು ಮುಂತಾದ ಅಚ್ಚುಗಳು ಅಲ್ಯೂಮಿನಿಯಮ್ಮಿನ ಎರಡು ಹೋಳುಗಳಾಗಿದ್ದು, ಪುಸ್ತಕದಂತೆ ತೆರೆದು ಮುಚ್ಚುವ ಕೀಲು ಹೊಂದಿರುತ್ತವೆ. ತಲೆಯ ಆಕಾರ ಜಿಗ್ ಓಡಾಡುವ ಜಾಗವನ್ನು ನಿರ್ಧರಿಸುತ್ತದೆ: ಅಡ್ಡಲಾಗಿ ಉದ್ದವಿರುವ ಫುಟ್‌ಬಾಲ್ ತಲೆ ಕಲ್ಲುಗಳ ಸಂದಿಯಲ್ಲಿ ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಚಪ್ಪಟೆಯಾದ ಆರ್ಕಿ ತಲೆ ಮರದ ಕೊಂಬೆಗಳ ಮೇಲೆ ಹತ್ತಿಳಿಯುತ್ತದೆ, ಮೊನಚು ಮೂತಿಯ ಈಜುಜಿಗ್ ಜೊಂಡಿನ ನಡುವೆ ನುಸುಳುತ್ತದೆ. ಅಚ್ಚಿನ ಪ್ರತಿಯೊಂದು ಗುಳಿಯೂ ನಿರ್ದಿಷ್ಟ ಮಾದರಿಯ ಗಾಳಕ್ಕಾಗಿ ಕೊರೆದದ್ದಾಗಿರುತ್ತದೆ. ಗಾಳದ ಕಣ್ಣು, ಅಂದರೆ ದಾರ ಪೋಣಿಸುವ ಬಳೆ, 90 ಡಿಗ್ರಿ ಬಾಗಿದೆಯೋ 60 ಡಿಗ್ರಿಯೋ ಇನ್ನೂ ಓರೆಯೋ ಎಂಬುದು, ಕಂಬಿಯ ದಪ್ಪ ಎಷ್ಟು ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಲೇಖಕ ಅಚ್ಚು ಕೊಂಡ ಅಂಗಡಿಯಲ್ಲಿ, ಅಳತೆ 4/0 ಆಗಿದ್ದರೆ ಯಾವ ಗಾಳವಾದರೂ ಕೂರುತ್ತದೆ ಎಂದು ಮಾರಾಟಗಾರ ಖಚಿತವಾಗಿ ಹೇಳಿ ನೂರು ಗಾಳಗಳ ಪೊಟ್ಟಣ ಕೊಟ್ಟ. ಅವು ಕೂರಲಿಲ್ಲ, ಅಚ್ಚು ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡೇ ಇತ್ತು, ಆ ಸಂದಿಯಿಂದ ಸೀಸ ಹಾಳೆಯಂತೆ ಹೊರಚೆಲ್ಲಿತು, ಬಲವಂತವಾಗಿ ಒತ್ತಿದ್ದರಿಂದ ಅಚ್ಚಿನ ಅಂಚಿನಲ್ಲಿ ಒಂದು ತಗ್ಗು ಶಾಶ್ವತವಾಗಿ ಉಳಿಯಿತು. ಅಚ್ಚಿನ ಜೊತೆ ಬರುವ ಚೀಟಿಯಲ್ಲಿ ಗಾಳದ ಮಾದರಿ ಸಂಖ್ಯೆ ಅಚ್ಚಾಗಿರುತ್ತದೆ. ಆ ಸಂಖ್ಯೆಯನ್ನು ಬಿಟ್ಟು ಬೇರೆ ಯಾರ ಮಾತನ್ನೂ ನಂಬಬೇಕಾಗಿಲ್ಲ.

ಸೀಸ 327.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಕಕ್ಕೆ ಇನ್ನೂ ನಲವತ್ತೈವತ್ತು ಡಿಗ್ರಿ ಹೆಚ್ಚಿನ ಕಾವು ಬೇಕು. ಶುದ್ಧವಾದ ಮೆದು ಸೀಸ ಅಚ್ಚಿನ ಸಣ್ಣ ಮೂಲೆಗಳಿಗೂ ಹರಿಯುತ್ತದೆ. ಕಾರಿನ ಚಕ್ರಗಳ ಸಮತೋಲನಕ್ಕೆ ಸಿಕ್ಕಿಸುವ ಹಳೆಯ ತೂಕಗಳು ಅಗ್ಗವಾಗಿ ದೊರೆತರೂ ಅವುಗಳಲ್ಲಿ ಆಂಟಿಮನಿ ಬೆರೆತು ಗಟ್ಟಿಯಾಗಿರುತ್ತದೆ, ಈಚಿನ ತೂಕಗಳಲ್ಲಿ ಕೆಲವು ಸತುವಿನವೇ ಆಗಿರುತ್ತವೆ. ಸತು ಕರಗುವುದು 419 ಡಿಗ್ರಿಗೆ. ಕಾವನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಇರಿಸಿದರೆ ಸತುವಿನ ತುಂಡುಗಳು ಕರಗದೆ ತೇಲುತ್ತವೆ, ಆಗ ಅವನ್ನು ಸೌಟಿನಿಂದ ತೆಗೆದುಬಿಡಬಹುದು. ಅಚ್ಚನ್ನೂ ಮೊದಲೇ ಬಿಸಿ ಮಾಡಿರಬೇಕು, ಇಲ್ಲವಾದರೆ ತಲೆಗಳ ಮೇಲೆ ಸುಕ್ಕು ಬೀಳುತ್ತದೆ; ಗಾಳವಿಲ್ಲದೆ ನಾಲ್ಕಾರು ಸಲ ಹೊಯ್ದು, ಆ ಅರೆಬರೆ ತಲೆಗಳನ್ನು ಮತ್ತೆ ಕುಲುಮೆಗೆ ಹಾಕುವುದು ರೂಢಿ.

ಈ ರೂಢಿಯಲ್ಲಿಯೇ, ಅಂದರೆ ಕರಗಿದ ಸೀಸಕ್ಕೆ ಘನ ಸೀಸವನ್ನು ಹಾಕುವುದರಲ್ಲಿಯೇ, ಅಪಾಯವೆಲ್ಲ ಅಡಗಿದೆ. ಈಗಷ್ಟೇ ಅಚ್ಚಿನಿಂದ ಬಿದ್ದ ತಲೆ ಬಿಸಿಯಾಗಿಯೂ ಒಣಗಿಯೂ ಇರುವುದರಿಂದ ಅದರಿಂದ ಏನೂ ಆಗುವುದಿಲ್ಲ. ಆದರೆ ಹೊರಗಿನಿಂದ ತಂದ ತುಂಡಿನಲ್ಲಿ ಒಂದು ಹನಿ ನೀರಿದ್ದರೂ ಸಾಕು. ನೀರು ಆವಿಯಾದಾಗ ಸುಮಾರು 1600 ಪಟ್ಟು ಹಿಗ್ಗುತ್ತದೆ. ಸೀಸದ ಮೇಲ್ಮೈಗೆ ಬಿದ್ದ ಬೆವರಿನ ಹನಿ ಚುಯ್ ಎಂದು ಓಡಾಡಿ ಆರಿಹೋಗುವುದನ್ನು ನೋಡಿದವರು ಅಷ್ಟೇ ಎಂದುಕೊಳ್ಳುತ್ತಾರೆ. ಅದೇ ಹನಿ ಸೀಸದ ಒಳಗೆ ಮುಳುಗಿದಾಗ ಹಿಗ್ಗಲು ಜಾಗವಿಲ್ಲದೆ ಮೇಲಿರುವ ಲೋಹವನ್ನೆಲ್ಲ ಎತ್ತಿ ಎಸೆಯುತ್ತದೆ.

ಲೇಖಕನ ಪತ್ನಿಯ ತಮ್ಮ ಬೇಸಗೆಯಲ್ಲಿ ನೀರು ಇಳಿದ ಕೆರೆಯ ದಂಡೆಯಿಂದ ಹಳೆಯ ಸೀಸದ ಗುಂಡುಗಳನ್ನು ಆರಿಸಿ ಒಂದು ಡಬ್ಬಿಯಲ್ಲಿ ತಂದುಕೊಟ್ಟಿದ್ದ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆಯಾಕಾರದವು. ದಾರ ಪೋಣಿಸಲು ನಡುವೆ ಉದ್ದಕ್ಕೂ ತೂತಿರುವಂಥವು. ವಾರದಿಂದ ಬಿಸಿಲಲ್ಲೇ ಇದ್ದವು, ಒಣಗಿ ಕಡ್ಡಿಯಾಗಿವೆ, ಧೈರ್ಯವಾಗಿ ಹಾಕಿ ಭಾವ, ಎಂದು ಅವನು ಪಕ್ಕದಲ್ಲೇ ನಿಂತು ಹೇಳಿದ. ಆಗಸ್ಟ್ ತಿಂಗಳ ಸಂಜೆ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಸೆಕೆ ಅಸಾಧ್ಯವಾಗಿತ್ತು. ಮುಖದ ಮೇಲೆ ಇಳಿಬಿಡುವ ಪಾರದರ್ಶಕ ಕವಚ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ಹಾಕಿಕೊಳ್ಳುವಂತೆ ಪತ್ನಿ ಎರಡು ಸಲ ಬಂದು ಹೇಳಿದ್ದಳು, ಸೆಕೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಲೇಖಕ ಎರಡು ಸಲವೂ ತಳ್ಳಿಹಾಕಿದ್ದ. ಮೈಮೇಲೆ ಅರ್ಧ ತೋಳಿನ ಅಂಗಿ, ಕಾಲಲ್ಲಿ ಮನೆಯ ಚಪ್ಪಲಿ.

ಹತ್ತು ಪೌಂಡ್ ಹಿಡಿಯುವ ವಿದ್ಯುತ್ ಕುಲುಮೆ ಮುಕ್ಕಾಲು ತುಂಬಿತ್ತು. ಇಕ್ಕಳದಲ್ಲಿ ಹಿಡಿದು ಬಿಟ್ಟ ಮೊದಲ ಗುಂಡು ಸದ್ದಿಲ್ಲದೆ ಕರಗಿತು, ಎರಡನೆಯದೂ ಕರಗಿತು, ಮೂರನೆಯದು ಇವೆರಡಕ್ಕಿಂತ ದೊಡ್ಡದಾಗಿದ್ದು ಅದರ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಲೇಖಕ ಅದನ್ನು ಕಂಡಿದ್ದ. ಒಣಮಣ್ಣು, ಕಿಟ್ಟದ ಜೊತೆ ತೇಲಿ ಬರುತ್ತದೆ ಎಂದುಕೊಂಡ. ಗುಂಡು ಮುಳುಗಿ ಒಂದು ಕ್ಷಣ ಏನೂ ಆಗಲಿಲ್ಲ. ಅನಂತರ ದಪ್ಪ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದಂಥ ಒಂದು ಸದ್ದು ಕೇಳಿತು, ಕುಲುಮೆಯ ಬಾಯಿಂದ ಬೆಳ್ಳಗಿನ ಕಂಬವೊಂದು ನೇರ ಮೇಲೆದ್ದು ಗ್ಯಾರೇಜಿನ ಮಾಡಿಗೆ ಅಪ್ಪಳಿಸಿ ಕೊಡೆಯಂತೆ ಹರಡಿ ಕೆಳಗಿಳಿಯಿತು. ಸೀಸ ಮೈಮೇಲೆ ಬಿದ್ದದ್ದು ಮೊದಲು ಗೊತ್ತಾದದ್ದು ಉರಿಯಿಂದಲ್ಲ, ಭಾರದಿಂದ: ಬಲ ಮುಂಗೈ ಮೇಲೆ ಯಾರೋ ನಾಣ್ಯಗಳನ್ನು ಇಟ್ಟಂತೆ. ಉರಿ ಅದರ ಹಿಂದೆಯೇ ಬಂತು. ಚಪ್ಪಲಿಯ ಪಟ್ಟಿಗೂ ಪಾದಕ್ಕೂ ನಡುವೆ ಒಂದು ತೊಟ್ಟು ಇಳಿದು ಅಲ್ಲಿಯೇ ಹೆಪ್ಪುಗಟ್ಟಿತು. ಚಪ್ಪಲಿಯನ್ನು ಕಿತ್ತರೆ ಚರ್ಮವೂ ಬರುತ್ತಿತ್ತು, ಕೀಳದಿದ್ದರೆ ಅದು ಸುಡುತ್ತಲೇ ಇರುತ್ತಿತ್ತು, ಲೇಖಕ ಕಿತ್ತ. ಕನ್ನಡಕದ ಎಡಗಾಜಿನ ಮೇಲೆ, ಕಣ್ಣಗುಡ್ಡೆಯ ಸರಿಯಾಗಿ ಎದುರಿಗೆ, ಅವರೆಕಾಳಿನ ಗಾತ್ರದ ಸೀಸದ ಬೊಟ್ಟು ಅಂಟಿತ್ತು. ಆ ಕನ್ನಡಕ ದೃಷ್ಟಿದೋಷಕ್ಕೆಂದು ಧರಿಸಿದ್ದೇ ಹೊರತು ರಕ್ಷಣೆಗೆಂದಲ್ಲ. ಸಮೀಪದೃಷ್ಟಿ ಇಲ್ಲದಿದ್ದರೆ ಆ ಕಣ್ಣು ಇಂದು ಇರುತ್ತಿರಲಿಲ್ಲ. ಪತ್ನಿಯ ತಮ್ಮ ಬಾಗಿಲ ಬಳಿಗೆ ಸರಿದಿದ್ದರಿಂದ ಅವನಿಗೆ ಏನೂ ತಗಲಲಿಲ್ಲ, ಅದೊಂದು ಸಮಾಧಾನ. ಆದರೆ ಅವನು ಗಾಬರಿಯಲ್ಲಿ ತೋಟದ ಪೈಪನ್ನು ಎಳೆದುಕೊಂಡು ಓಡಿ ಬಂದಾಗ, ಅರ್ಧ ಕುಲುಮೆ ಸೀಸ ಇನ್ನೂ ಕರಗಿಯೇ ಇರುವಾಗ ನೀರು ಒಳಗೆ ಬರಬಾರದು ಎಂದು ಅರಚಬೇಕಾಯಿತು. ಪ್ಲಗ್ ಕಿತ್ತದ್ದು ಪತ್ನಿ. ಸುಟ್ಟ ಕೈಕಾಲುಗಳನ್ನು ಮನೆಯೊಳಗಿನ ಬಚ್ಚಲಿನ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಸಿದ್ದೂ ಅವಳೇ.

ಈ ಪ್ರಸಂಗದಿಂದ ಹೊರಡುವ ನಿಯಮ ಚಿಕ್ಕದು. ಹೊರಗಿನಿಂದ ತಂದ ಯಾವ ಸೀಸವನ್ನೂ, ಅದು ಎಷ್ಟೇ ಒಣಗಿದಂತೆ ಕಂಡರೂ, ಕರಗಿದ ಸೀಸಕ್ಕೆ ಹಾಕದೆ, ತಣ್ಣನೆಯ ಖಾಲಿ ಕುಲುಮೆಗೆ ಮೊದಲೇ ತುಂಬಿ ಅನಂತರ ಕಾವು ಕೊಡಬೇಕು. ನೀರು 100 ಡಿಗ್ರಿಗೇ ಆವಿಯಾಗುವುದರಿಂದ, ಸೀಸ ಕರಗುವ 327 ಡಿಗ್ರಿ ತಲುಪುವ ಹೊತ್ತಿಗೆ ತೇವ ಹೋಗಿಬಿಟ್ಟಿರುತ್ತದೆ. ಸೌಟು, ಇಕ್ಕಳ, ಅಚ್ಚು ಇವೂ ಬಿಸಿಯಾಗಿ ಒಣಗಿರಬೇಕು. ಮುಖಕವಚ, ಚರ್ಮದ ಕೈಗವಸು, ತುಂಬು ತೋಳಿನ ದಪ್ಪ ಹತ್ತಿಯ ಅಂಗಿ, ಶೂ ಮುಚ್ಚುವಂತೆ ಇಳಿಬಿದ್ದ ಪ್ಯಾಂಟು, ಇವಿಲ್ಲದೆ ಕುಲುಮೆಯ ಸ್ವಿಚ್ಚನ್ನು ಮುಟ್ಟಲೇಬಾರದು.

ಸುಟ್ಟ ಗಾಯಕ್ಕಿಂತ ಹೆಚ್ಚು ಕಾಲ ಕಾಡಿದ್ದು ಧೂಳು. ಎರಕದ ಕಾವಿನಲ್ಲಿ ಸೀಸ ಆವಿಯಾಗುವುದು ಬಹಳ ಕಡಿಮೆ. ಅದು ದೇಹಕ್ಕೆ ಸೇರುವ ಮುಖ್ಯ ದಾರಿ ಕೈಯಿಂದ ಬಾಯಿಗೆ, ಅದರಲ್ಲೂ ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಪುಡಿಯಾದ ಕಿಟ್ಟದಿಂದ. ಮಾಡಿಗೆ ಬಡಿದು ಉದುರಿದ ಸೀಸ ಮಗಳ ಸೈಕಲ್ಲಿನ ಮೇಲೆ, ಚಪ್ಪಲಿಗಳ ಕಪಾಟಿನ ಮೇಲೆ, ಗ್ಯಾರೇಜಿನಲ್ಲೇ ಇರಿಸಿದ್ದ ಸೋನಾ ಮಸೂರಿ ಅಕ್ಕಿಯ ಮೂಟೆಯ ಮೇಲೆ ಬಿದ್ದಿತ್ತು. ಮೂಟೆಯನ್ನು ಎಸೆದದ್ದಾಯಿತು, ಸೈಕಲ್ಲನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದ್ದಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಐದು ವರ್ಷದವರೆಗಿನ ಮಕ್ಕಳ ರಕ್ತದಲ್ಲಿ ಸೀಸದ ಎಚ್ಚರಿಕೆಯ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂಗೆ ಇಳಿಸಿದೆ. ನಾಲ್ಕು ವರ್ಷದ ಮಗಳ ರಕ್ತಪರೀಕ್ಷೆಯ ಫಲಿತಾಂಶ ಬರಲು ಹಿಡಿದ ನಾಲ್ಕು ದಿನಗಳಲ್ಲಿ ಲೇಖಕ ಆ ಅಂಕಿಯನ್ನು ಎಷ್ಟು ಸಲ ಓದಿದನೋ ಲೆಕ್ಕವಿಲ್ಲ. ಅವಳ ಪ್ರಮಾಣ ಅದಕ್ಕಿಂತ ಕಡಿಮೆ ಇತ್ತು. ಅಂದಿನಿಂದ ಎರಕದ ಕೆಲಸ ಹಿತ್ತಿಲಿನ ಮೂಲೆಯಲ್ಲಿ, ಮಳೆಯ ಸೂಚನೆ ಇಲ್ಲದ ದಿನಗಳಲ್ಲಿ ಮಾತ್ರ, ಪ್ರತ್ಯೇಕ ಬಟ್ಟೆ ಧರಿಸಿ ನಡೆಯುತ್ತದೆ. ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆತಕ್ಕೆ ಹೋಗುವುದಿಲ್ಲ, ಕೈಯನ್ನು ಸೋಪಿನಿಂದ ತೊಳೆಯದೆ ನೀರಿನ ಲೋಟವನ್ನೂ ಮುಟ್ಟುವಂತಿಲ್ಲ.

ಎರಕದ ಬಳಿಕದ ಕೆಲಸ ನಿರಪಾಯವೂ ಸಂತೋಷದ್ದೂ ಆಗಿದೆ. ತಲೆಯನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಪುಡಿಬಣ್ಣದಲ್ಲಿ ಒಮ್ಮೆ ಅದ್ದಿ ತೆಗೆದರೆ ಬಣ್ಣ ಕರಗಿ ಅಂಟುತ್ತದೆ, ಅನಂತರ ಸುಮಾರು 175 ಡಿಗ್ರಿಯ ಓವನ್ನಿನಲ್ಲಿ ಇಪ್ಪತ್ತು ನಿಮಿಷ ನೇತುಹಾಕಿದರೆ ಕಲ್ಲಿಗೆ ತಾಗಿದರೂ ಸುಲಭಕ್ಕೆ ಏಳದಷ್ಟು ಗಟ್ಟಿಯಾಗುತ್ತದೆ. ಈ ಓವನ್ ಮುಂದೆಂದೂ ಅಡುಗೆಗೆ ಬರಬಾರದು. ಗಾಳದ ಮೊನೆ ಜೊಂಡಿಗೆ ಸಿಕ್ಕದಂತೆ ಕಾಯುವ ನೈಲಾನ್ ಕೂದಲಿನ ಕಂತೆಗೆ ವೀಡ್ ಗಾರ್ಡ್ ಎನ್ನುತ್ತಾರೆ. ಅದು ಬಿಸಿಗೆ ಹಾಳಾಗುವುದರಿಂದ ಓವನ್ನಿನ ಕೆಲಸ ಮುಗಿದ ಮೇಲೆಯೇ ಅಂಟು ಹಾಕಿ ಕೂರಿಸಬೇಕು. ಕುಚ್ಚನ್ನು ರಬ್ಬರ್ ಬಳೆಯಿಂದ ಬಿಗಿಯುವುದು ಸುಲಭ, ಸಣ್ಣ ತಂತಿಯಿಂದ ಕಟ್ಟುವುದು ಬಾಳಿಕೆಯದು. ತಿಳಿನೀರಿಗೆ ಕುಂಬಳದ ಹಸಿರು, ಕದಡಿದ ನೀರಿಗೆ ಕಪ್ಪು-ನೀಲಿ, ಈ ಎರಡು ಬಣ್ಣ ಇದ್ದರೆ ವರ್ಷದ ಬಹುಪಾಲು ಕಳೆಯುತ್ತದೆ. ಏಳು ಅಡಿಯ ಗಡುಸು ಕೋಲು, ಬೊಡ್ಡೆಗಳ ನಡುವೆ 20 ಪೌಂಡಿನ ಫ್ಲೋರೋಕಾರ್ಬನ್ ದಾರ, ದಟ್ಟ ಜೊಂಡಿನಲ್ಲಿ 50ರಿಂದ 65 ಪೌಂಡಿನ ಹೆಣೆದ ದಾರ: ಇದಕ್ಕಿಂತ ಹೆಚ್ಚಿನದು ಕೊಳ್ಳುವವನ ಆಸೆಗೆ ಸೇರಿದ್ದು.

ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಸೀಸದ ಜಿಗ್‌ಗೆ ಅನುಮತಿ ಇಲ್ಲ ಎಂಬುದನ್ನೂ ತಿಳಿದಿರಬೇಕು. ಲೂನ್ ಎಂಬ ಮುಳುಗುಹಕ್ಕಿಗಳು ಸೀಸದ ತುಂಡುಗಳನ್ನು ನುಂಗಿ ಸಾಯುವುದರಿಂದ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಮೊದಲಾದ ಈಶಾನ್ಯದ ರಾಜ್ಯಗಳು ಸಣ್ಣ ಸೀಸದ ಜಿಗ್‌ಗಳನ್ನು ನಿರ್ಬಂಧಿಸಿವೆ. ಬಿಸ್ಮತ್ ಮತ್ತು ತವರದ ಮಿಶ್ರಣ ಸೀಸಕ್ಕಿಂತ ಕಡಿಮೆ ಕಾವಿನಲ್ಲಿಯೇ ಕರಗುತ್ತದೆ, ಬೆಲೆ ಹೆಚ್ಚು, ತೂಕ ಕಡಿಮೆ. ಮಗಳು ದೊಡ್ಡವಳಾಗುವವರೆಗಾದರೂ ಅದಕ್ಕೇ ಬದಲಾಗಬೇಕೆಂದು ಪತ್ನಿ ಹೇಳುತ್ತಿದ್ದಾಳೆ, ಲೇಖಕನಿಗೂ ಅದು ಸರಿ ಎನಿಸತೊಡಗಿದೆ.

ಡಬ್ಬಿಯಲ್ಲಿ ಉಳಿದಿದ್ದ ಏಳು ಗುಂಡುಗಳನ್ನು ಘಟನೆಯ ಆರನೆಯ ದಿನ, ಬ್ಯಾಂಡೇಜ್ ಸುತ್ತಿದ ಕೈಯಲ್ಲಿಯೇ, ಮರದ ದಿಮ್ಮಿಯ ಮೇಲಿಟ್ಟು ಉಳಿಯಿಂದ ಸೀಳಿ ನೋಡಲಾಯಿತು. ಐದರ ತೂತಿನಲ್ಲಿ ಮಣ್ಣು ಒಣಗಿ ಪುಡಿಯಾಗಿತ್ತು. ಎರಡರಲ್ಲಿ ಎರಡೂ ತುದಿಯ ಮಣ್ಣು ಬಿರಡೆಯಂತೆ ಗಟ್ಟಿಯಾಗಿ, ನಡುವಿನದು ಕಪ್ಪಗೆ, ಬೆರಳಿಗೆ ಅಂಟುವಷ್ಟು ಹಸಿಯಾಗಿತ್ತು. ಆ ಎರಡರ ಚಿತ್ರ ತೆಗೆದು ಪತ್ನಿಯ ತಮ್ಮನಿಗೆ ಕಳಿಸಲಾಯಿತು. ಅವನು ಸಂಜೆ ಫೋನ್ ಮಾಡಿ ಕಾಲು ಹೇಗಿದೆ ಭಾವ ಎಂದು ಕೇಳಿದ. ಗುಂಡುಗಳ ಮಾತನ್ನು ಎತ್ತಲಿಲ್ಲ.