ಪಂಪ್‌ಸೆಟ್ಟಿನ ವಿದ್ಯುತ್ ಪ್ರವಾಹ ಅಳೆಯಿರಿ, ಮೋಟಾರು ಉಳಿಸಿರಿ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳು ಬಹುಮಟ್ಟಿಗೆ ಕಣಿವೆಗಳಲ್ಲಿವೆ. ಬೇಸಿಗೆಯಲ್ಲಿ ಹಳ್ಳ, ಬಾವಿಗಳ ನೀರು ಇಳಿದಾಗ ಪಂಪು ಗಾಳಿ ಎಳೆಯುತ್ತದೆ. ಕಾಡಿನ ನಡುವೆ ಬರುವ ತಂತಿಯ ಮೇಲೆ ಕೊಂಬೆ ಬಿದ್ದು ಒಂದು ಫೇಸ್ ಹೋಗುವುದೂ ಉಂಟು. ಪಂಪು ಮನೆಯಿಂದ ದೂರವಿದ್ದರೆ, ನೋಡುವಷ್ಟರಲ್ಲಿ ಮೋಟಾರು ಸುಟ್ಟಿರುತ್ತದೆ. ಏಪ್ರಿಲ್‌ನಲ್ಲಿ ಅದು ರಿಪೇರಿಗೆ ಹೋದರೆ ತೋಟಕ್ಕೆ ನೀರಿಲ್ಲ, ಎಳೆಗಾಯಿ ಉದುರುತ್ತದೆ.

ಪ್ರವಾಹ ಏನು ಹೇಳುತ್ತದೆ?

ಪೂರ್ಣ ಹೊರೆಯಲ್ಲಿ 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಪ್ರತಿ ಫೇಸಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ನಿಮ್ಮ ಮೋಟಾರಿನ ನಿಖರ ಅಂಕಿ ಅದರ ಹೆಸರು ಫಲಕದಲ್ಲಿದೆ. ಸೆಂಟ್ರಿಫ್ಯೂಗಲ್ ಪಂಪಿಗೆ ನೀರು ತಪ್ಪಿದರೆ ಹೊರೆ ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಅದರಲ್ಲಿ ಸೊನ್ನೆಯಾಗಿ, ಉಳಿದೆರಡರಲ್ಲಿ ಸುಮಾರು 1.7 ಪಟ್ಟು ಏರುತ್ತದೆ. ವೋಲ್ಟೇಜು ತೀರ ಕುಸಿದರೂ ಪ್ರವಾಹ ಏರುತ್ತದೆ.

ಬೇಕಾಗುವ ಸಾಮಗ್ರಿ

ಆರ್ಡುಯಿನೋ ಊನೋದಂತಹ ಮೈಕ್ರೋಕಂಟ್ರೋಲರ್ ಹಲಗೆ ಒಂದು, 30 ಆಂಪಿಯರಿಗೆ 1 ವೋಲ್ಟ್ ಕೊಡುವ ಕ್ಲಾಂಪ್ ಮಾದರಿಯ ಸೆನ್ಸರು ಪ್ರತಿ ಫೇಸಿಗೆ ಒಂದು. ಎಸಿಎಸ್ 712 ಎಂಬ ಅಗ್ಗದ ಸೆನ್ಸರ್ ಹಲಗೆಯೂ ಇದೆ. ಆದರೆ ಅದಕ್ಕೆ ತಂತಿ ಕತ್ತರಿಸಿ ಮುಖ್ಯ ಪ್ರವಾಹವನ್ನೇ ಹಾಯಿಸಬೇಕಾಗುತ್ತದೆ. ತೇವದ ಪಂಪ್‌ಮನೆಗೆ ಕ್ಲಾಂಪೇ ಸುರಕ್ಷಿತ. ಕ್ಲಾಂಪಿನೊಳಗೆ ಒಂದೇ ತಂತಿ ಇರಬೇಕು. ಎಲ್ಲ ತಂತಿಗಳನ್ನೂ ಸೇರಿಸಿದರೆ ಕಾಂತಕ್ಷೇತ್ರಗಳು ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ.

ಅಳೆಯುವ ವಿಧಾನ

ಊನೋ ಹಲಗೆ 0ಯಿಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಓದುತ್ತದೆ. ಒಂದು ಮೆಟ್ಟಿಲು 4.88 ಮಿಲಿವೋಲ್ಟ್. ಪರ್ಯಾಯ ಪ್ರವಾಹ ಋಣದತ್ತಲೂ ಹೋಗುವುದರಿಂದ ಎರಡು ಸಮ ರೋಧಕಗಳ ಮೂಲಕ ಸೆನ್ಸರಿನ ಮಧ್ಯಬಿಂದುವನ್ನು 2.5 ವೋಲ್ಟಿಗೆ ಏರಿಸಬೇಕು. ನಮ್ಮ ವಿದ್ಯುತ್ತಿನ ಒಂದು ಆವರ್ತ 20 ಮಿಲಿಸೆಕೆಂಡು. ಹತ್ತು ಆವರ್ತಗಳ ಕಾಲ ನೂರಾರು ಓದಿಕೆ ಪಡೆದು, ಪ್ರತಿಯೊಂದರಿಂದ ಮಧ್ಯಬಿಂದು ಕಳೆದು, ವರ್ಗ ಮಾಡಿ, ಸರಾಸರಿಯ ವರ್ಗಮೂಲ ತೆಗೆಯಬೇಕು. ಉತ್ತರ 50 ಮೆಟ್ಟಿಲು ಬಂದರೆ 244 ಮಿಲಿವೋಲ್ಟ್. ಅದನ್ನು 30ರಿಂದ ಗುಣಿಸಿದರೆ 7.3 ಆಂಪಿಯರ್. ಈ ಅಂಕಿಯನ್ನು ಎಲೆಕ್ಟ್ರಿಷಿಯನ್ನರ ಕ್ಲಾಂಪ್ ಮೀಟರಿನೊಡನೆ ತಾಳೆ ನೋಡಿರಿ.

ಮಿತಿಗಳ ನಿಗದಿ

ನೀರು ತುಂಬಿ ಹರಿಯುವಾಗಿನ ಆಂಪಿಯರ್ ಬರೆದಿಟ್ಟುಕೊಳ್ಳಿರಿ. ಹೊರಹರಿವಿನ ಗೇಟ್ ವಾಲ್ವನ್ನು ಕೆಲವೇ ಸೆಕೆಂಡು ಮುಚ್ಚಿ ಮತ್ತೊಮ್ಮೆ ಓದಿರಿ. ಈ ಎರಡನೆಯ ಅಂಕಿಗಿಂತ ತುಸು ಕೆಳಗೆ ಕನಿಷ್ಠ ಮಿತಿಯನ್ನೂ, ಫಲಕದ ಅಂಕಿಗಿಂತ ತುಸು ಮೇಲೆ ಗರಿಷ್ಠ ಮಿತಿಯನ್ನೂ ಇಡಿರಿ. ಚಾಲೂ ಮಾಡಿದೊಡನೆ ಮೋಟಾರು ಹಲವು ಪಟ್ಟು ಪ್ರವಾಹ ಎಳೆಯುವುದರಿಂದ ಮೊದಲ ಕೆಲವು ಸೆಕೆಂಡುಗಳ ಓದಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಎಚ್ಚರಿಕೆ

ಮಿತಿ ಮೀರಿದಾಗ ಮೋಟಾರು ನಿಲ್ಲಿಸಲು ರಿಲೇಯನ್ನು ಸ್ಟಾರ್ಟರಿನ ಕಾಯಿಲ್ ಸರ್ಕೀಟಿಗೆ ಜೋಡಿಸಬಹುದು. ಕಾಯಿಲ್ 415 ವೋಲ್ಟಿನದಾಗಿದ್ದರೆ 250 ವೋಲ್ಟಿನ ಸಣ್ಣ ರಿಲೇ ತಡೆಯದು; ತಕ್ಕ ಸಾಮರ್ಥ್ಯದ್ದೇ ಬೇಕು. ಈ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ, ಮೇನ್ ತೆಗೆಸಿದ ಮೇಲೆಯೇ ಮಾಡಿಸಿರಿ. ಈಗಿರುವ ಫ್ಯೂಜು, ಓವರ್‌ಲೋಡ್ ರಿಲೇಗಳನ್ನು ಯಾವ ಕಾರಣಕ್ಕೂ ತೆಗೆಯಬೇಡಿರಿ. ಈ ಸಾಧನ ಅವುಗಳಿಗೆ ನೆರವೇ ಹೊರತು ಬದಲಿಯಲ್ಲ.