ಶಾಸನದ ಫೋಟೊ ತೆಗೆಯುವ ಮುನ್ನ

ಹಾನಗಲ್ಲಿನ ತಾರಕೇಶ್ವರ ಗುಡಿಯ ತಾವರೆ ಛತ್ತು, ಶಿಗ್ಗಾಂವಿ ಬಳಿಯ ಬಂಕಾಪುರದ ನಗರೇಶ್ವರ ಗುಡಿಯ ಕಂಬಗಳು, ಹಿರೇಕೆರೂರು ಸೀಮೆಯ ಅಬಲೂರಿನ ಶಾಸನಗಳು: ಇವನ್ನು ಫೋಟೊದಲ್ಲಿ ಉಳಿಸಲು ಹೊರಟ ಗೆಳೆಯರೇ, ಮೊದಲು ನಿಮ್ಮ ಲೆನ್ಸನ್ನು ಪರೀಕ್ಷಿಸಿಕೊಳ್ಳಿ. ಬಿಳಿ ಹಾಳೆಯಲ್ಲಿ ಕಪ್ಪು ಚೌಕ ಮುದ್ರಿಸಿ, ಸುಮಾರು 5 ಡಿಗ್ರಿ ಓರೆಯಾಗಿ ಗೋಡೆಗೆ ಅಂಟಿಸಿ. ಕ್ಯಾಮೆರಾ ಚಿತ್ರದ ಸ್ಪಷ್ಟತೆ ಅಳೆಯುವ ಐಎಸ್‌ಒ 12233 ಮಾನದಂಡದಲ್ಲೂ ಇಂಥದೇ ಓರೆ ಅಂಚಿನ ವಿಧಾನವಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಚೌಕ ಒಮ್ಮೆ ಚಿತ್ರದ ನಡುವೆ, ಒಮ್ಮೆ ಮೂಲೆಯಲ್ಲಿ ಬರುವಂತೆ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿ, ಚೌಕದ ಅಂಚಿನಲ್ಲಿ ಕಪ್ಪು ಬಿಳಿಯಾಗಲು ಎಷ್ಟು ಪಿಕ್ಸೆಲ್ ಹಿಡಿಯಿತೆಂದು ಎಣಿಸಿ. ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ. ಅಂಚಿನುದ್ದಕ್ಕೂ ಬೆಳ್ಳನೆಯ ಗೆರೆ ಕಂಡರೆ ಮೋಸಹೋಗಬೇಡಿ, ಅದು ಚಿತ್ರವನ್ನು ಚೂಪಾಗಿಸುವ ಸಾಫ್ಟ್‌ವೇರಿನ ಕೈವಾಡ. ಮೂಲೆ ಮಸುಕಾಗಿದ್ದರೆ ಶಾಸನವನ್ನು ಭಾಗಭಾಗವಾಗಿ, ಚಿತ್ರದ ನಡುವೆಯೇ ಬರುವಂತೆ ತೆಗೆಯಿರಿ. ಕಲ್ಲಿನ ಅಕ್ಷರ ಸವೆಯುತ್ತಲೇ ಇದೆ, ತಡಮಾಡಬೇಡಿ.