ಬದುವೋ ಪಾಳಿಯೋ: ನಗರದ ಬೀದಿಯಲ್ಲಿ ಬೈಸಿಕಲ್ಲಿನ ಸ್ಥಾನ

ಹೊಲವನ್ನು ಹಂಚಿಕೊಳ್ಳುವ ಅಣ್ಣತಮ್ಮಂದಿರು ನಡುವೆ ಬದು ಹಾಕುತ್ತಾರೆ. ಬಾವಿಯ ನೀರನ್ನು ಹಂಚಿಕೊಳ್ಳುವವರು ಪಾಳಿ ಗೊತ್ತುಮಾಡುತ್ತಾರೆ. ಬದುವಿನಿಂದ ಸ್ಥಳದ ಹಂಚಿಕೆಯಾಗುತ್ತದೆ, ಪಾಳಿಯಿಂದ ಕಾಲದ ಹಂಚಿಕೆಯಾಗುತ್ತದೆ. ನಗರದ ಬೀದಿಯಲ್ಲಿ ಬೈಸಿಕಲ್ಲಿಗೂ ಮೋಟಾರು ವಾಹನಕ್ಕೂ ಹಾದಿಯನ್ನು ಹಂಚಿಕೊಡಲು ಇಂಜಿನಿಯರರು ಅನುಸರಿಸುತ್ತಿರುವ ಎರಡು ಕ್ರಮಗಳೂ ಮೂಲತಃ ಇವೇ. ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬಣ್ಣ ಬಳಿಯುವವರ ಕೆಲಸದಂತೆ ತೋರಬಹುದು. ಆದರೆ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ ಮಡಿದವರು 1,68,491 ಜನ. ಅವರಲ್ಲಿ ಬೈಸಿಕಲ್ ಸವಾರರೇ ಸುಮಾರು 4,800 ಮಂದಿ. ಆದುದರಿಂದ ವಿಷಯವು ಬಣ್ಣದ್ದಲ್ಲ, ಪ್ರಾಣದ್ದು.

ಮೊದಲನೆಯ ಕ್ರಮದಲ್ಲಿ ಬೀದಿಯನ್ನು ಒಡೆಯುವುದಿಲ್ಲ. ಮೋಟಾರುಗಳು ಓಡಾಡುವ ಪಥದ ಮೇಲೆಯೇ ಬಿಳಿಯ ಬಣ್ಣದಿಂದ ಬೈಸಿಕಲ್ಲಿನ ಚಿತ್ರವನ್ನೂ ಅದರ ಮುಂದೆ ಎರಡು ಬಾಣದ ತುದಿಗಳನ್ನೂ ಬರೆಯುತ್ತಾರೆ. ಈ ಪಥವು ಇಬ್ಬರದೂ ಹೌದು, ಹಿಂದಿನಿಂದ ಬರುವವನು ತಾಳ್ಮೆಯಿಂದಿರತಕ್ಕದ್ದು ಎಂಬುದೇ ಅದರ ಅರ್ಥ. ಇದನ್ನು ಸಹಪಥದ ಗುರುತು ಎನ್ನಬಹುದು. 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಇದರ ಮೊದಲ ರೂಪ ಕಾಣಿಸಿಕೊಂಡಿತು. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವು ಇದನ್ನು ಪರೀಕ್ಷಿಸಿ ನೋಡಿತು. 2009ರಲ್ಲಿ ಆ ದೇಶದ ರಸ್ತೆಚಿಹ್ನೆಗಳ ರಾಷ್ಟ್ರೀಯ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಎರಡನೆಯ ಕ್ರಮದಲ್ಲಿ ಬೀದಿಯ ಅಗಲದಲ್ಲಿಯೇ ಒಂದು ಭಾಗವನ್ನು ಕೊಯ್ದು ಬೈಸಿಕಲ್ಲಿಗೆ ಮೀಸಲಾಗಿಡುತ್ತಾರೆ. ಕೆಲವೆಡೆ ಬರಿಯ ಗೆರೆ, ಕೆಲವೆಡೆ ಗೂಟಗಳು, ಇನ್ನು ಕೆಲವೆಡೆ ಕಲ್ಲಿನ ಕಟ್ಟೆ. ಇದು ಪ್ರತ್ಯೇಕ ಪಥ.

ಅಂಕಲಿ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಹಾದಿಗಳನ್ನು ಬಲ್ಲವರಿಗೆ ಸಹಪಥವೆಂಬುದು ಹೊಸ ಸಂಗತಿಯೇನಲ್ಲ. ಚಕ್ಕಡಿ, ಬೈಸಿಕಲ್ಲು, ತಲೆಯ ಮೇಲೆ ಬುತ್ತಿ ಹೊತ್ತವರು, ದನಕರುಗಳು ಇವೆಲ್ಲ ತಲೆಮಾರುಗಳ ಕಾಲ ಒಂದೇ ಹಾದಿಯಲ್ಲಿ ನಡೆದವು. ಅದಕ್ಕೆ ಯಾರೂ ಗುರುತು ಬರೆಯಬೇಕಾಗಿರಲಿಲ್ಲ. ಚಕ್ಕಡಿಯ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿನಷ್ಟು, ಬೈಸಿಕಲ್ಲಿನದು ಹನ್ನೆರಡರಿಂದ ಹದಿನೈದು. ಕಣ್ಣಿಗೆ ಕಣ್ಣು ಕಾಣುತ್ತದೆ, ಕೂಗಿದರೆ ಕೇಳುತ್ತದೆ, ತಪ್ಪಿದರೂ ಮೊಣಕಾಲು ತರಚುವುದರಲ್ಲಿ ಮುಗಿಯುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರು ಅದೇ ಹಾದಿಗೆ ಬಂದಾಗ, ಅದರ ಬೆನ್ನಿಗೆ ಅವಸರದ ಬಸ್ಸು ಬಂದಾಗ, ಹಾದಿ ಹಳೆಯದೇ ಆದರೂ ಹಳೆಯ ಒಪ್ಪಂದ ಮುರಿದುಬೀಳುತ್ತದೆ. ಮುರಿದುದು ಜನರ ಸೌಜನ್ಯವಲ್ಲ, ವೇಗಗಳ ಸಾಮ್ಯ. ನಗರದಲ್ಲಿ ನಡೆದಿರುವುದೂ ಇದೇ.

ಇಲ್ಲಿ ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬೇಕು. ಚಾಲಕನೊಬ್ಬನು ಅಪಾಯವನ್ನು ಕಂಡು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡು ಹಿಡಿಯುವುದೆಂದು ಭಾವಿಸೋಣ. ಒಣ ರಸ್ತೆಯ ಮೇಲೆ ಒಳ್ಳೆಯ ಬ್ರೇಕು ವಾಹನದ ವೇಗವನ್ನು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ತಗ್ಗಿಸುವುದೆಂದೂ ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರು ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರಿಗೆ ಸ್ವಲ್ಪ ಹೆಚ್ಚು ಸಾಗಿ, ಮತ್ತೆ 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಸುಮಾರು 13 ಮೀಟರು. 50 ಕಿಲೋಮೀಟರು ವೇಗದ ಕಾರು ಮೊದಲ ಸೆಕೆಂಡಿನಲ್ಲಿಯೇ ಸುಮಾರು 14 ಮೀಟರು ಸಾಗಿರುತ್ತದೆ. ಎಂದರೆ, ನಿಧಾನದ ಕಾರು ಪೂರ್ತಿಯಾಗಿ ನಿಂತ ಸ್ಥಳವನ್ನು ವೇಗದ ಕಾರು ದಾಟುವಾಗ ಅದರ ಬ್ರೇಕು ಇನ್ನೂ ಹಿಡಿದಿರುವುದೇ ಇಲ್ಲ. ಆ ಸ್ಥಳದಲ್ಲಿ ಬೈಸಿಕಲ್ಲಿನ ಮೇಲೆ ಒಂದು ಮಗುವಿದ್ದರೆ ಮೊದಲ ಕಾರು ಅದನ್ನು ಮುಟ್ಟುವುದಿಲ್ಲ, ಎರಡನೆಯದು ಪೂರ್ಣ ವೇಗದಿಂದ ಬಡಿಯುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತವಾಗಿ ಬೆಳೆಯುವುದರಿಂದ ಆ ಬಡಿತದ ಶಕ್ತಿ 30ರ ವೇಗದಲ್ಲಿ ಇರುತ್ತಿದ್ದುದರ ಎರಡೂಮುಕ್ಕಾಲು ಪಟ್ಟಿಗೂ ಮಿಗಿಲು.

ಅಗಲದ ಲೆಕ್ಕವೂ ಇದರಷ್ಟೇ ಮುಖ್ಯವಾದುದು. ಪಥದ ಅಗಲ 3.5 ಮೀಟರೆಂದು ಇಟ್ಟುಕೊಂಡರೆ, ಬಸ್ಸಿಗೆ ಎರಡೂವರೆ ಮೀಟರು ಬೇಕು; ಬೈಸಿಕಲ್ಲಿಗೆ ಅದರ ಸಹಜವಾದ ಓಲಾಟವೂ ಸೇರಿ ಸುಮಾರು ಒಂದು ಮೀಟರು ಬೇಕು. ಕೂಡಿಸಿದರೆ ಪಥವು ತುಂಬಿಹೋಯಿತು. ಇಬ್ಬರ ನಡುವೆ ಉಳಿಯುವ ಅಂತರ ಸೊನ್ನೆ. ಆದುದರಿಂದ ಸಹಪಥದಲ್ಲಿ ಬೈಸಿಕಲ್ಲಿನ ಸವಾರನು ಅಂಚಿಗೆ ಒತ್ತಿಕೊಂಡು ಹೋಗುವುದಕ್ಕಿಂತ ಪಥದ ನಡುವಿಗೆ ಬಂದು, ಹಿಂದಿನವನು ತನ್ನನ್ನು ಒತ್ತಿ ದಾಟದಂತೆ ಮಾಡುವುದೇ ಕ್ಷೇಮವೆಂದು ಆ ಗುರುತಿನ ಪ್ರತಿಪಾದಕರು ಹೇಳುತ್ತಾರೆ. ಅಮೆರಿಕದ ಕೈಪಿಡಿಯೂ ಬದಿಯಲ್ಲಿ ಕಾರುಗಳು ನಿಲ್ಲುವ ಬೀದಿಯಾದರೆ ಗುರುತಿನ ನಡುಭಾಗವು ಅಂಚಿನಿಂದ ಕನಿಷ್ಠ 3.4 ಮೀಟರಿನಷ್ಟು ಒಳಗಿರಬೇಕೆಂದು ವಿಧಿಸಿತು. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದಾಗ ಸವಾರನು ಅದಕ್ಕೆ ಬಡಿಯಬಾರದೆಂಬುದೇ ಇದರ ಉದ್ದೇಶ. ಗಂಟೆಗೆ 35 ಮೈಲು, ಎಂದರೆ ಸುಮಾರು 56 ಕಿಲೋಮೀಟರಿಗಿಂತ ಹೆಚ್ಚಿನ ವೇಗಮಿತಿಯಿರುವ ರಸ್ತೆಯಲ್ಲಿ ಈ ಗುರುತು ಸಲ್ಲದೆಂದೂ ಅದೇ ಕೈಪಿಡಿ ಹೇಳಿತು. ಮೇಲಿನ ಲೆಕ್ಕವನ್ನು ಮಾಡಿದವರಿಗೆ ಈ ಮಿತಿಯೇ ಅತಿಯಾಯಿತೆಂದು ತೋರದಿರದು.

ಶಾಸ್ತ್ರ ಹೀಗಿರಲಿ, ಅನುಭವವೇನು? ಶಿಕಾಗೋ ನಗರದ ಬೀದಿಗಳನ್ನು ಕುರಿತು ಕೊಲೊರಾಡೋ ವಿಶ್ವವಿದ್ಯಾಲಯದ ಡೆನ್ವರ್ ಶಾಖೆಯ ಇಬ್ಬರು ಸಂಶೋಧಕರು 2016ರಲ್ಲಿ ಒಂದು ಅಧ್ಯಯನವನ್ನು ಮಂಡಿಸಿದರು. ಬೈಸಿಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರ ಸಂಖ್ಯೆಗೆ ಹೋಲಿಸಿದಾಗ ಗಾಯಗಳ ಪ್ರಮಾಣವು ಪ್ರತ್ಯೇಕ ಪಥಗಳನ್ನು ಪಡೆದ ಪ್ರದೇಶಗಳಲ್ಲಿ ಸೇಕಡಾ 42ರಷ್ಟು ತಗ್ಗಿತ್ತು. ಏನನ್ನೂ ಮಾಡದೆ ಬಿಟ್ಟ ಪ್ರದೇಶಗಳಲ್ಲಿ ಸೇಕಡಾ 37ರಷ್ಟು ತಗ್ಗಿತ್ತು. ಸಹಪಥದ ಗುರುತನ್ನು ಬರೆದ ಪ್ರದೇಶಗಳಲ್ಲಿ ತಗ್ಗಿದುದು ಸೇಕಡಾ 20 ಮಾತ್ರ. ಒಂದು ನಗರದ ಒಂದು ಅಧ್ಯಯನದಿಂದ ಕಟ್ಟಕಡೆಯ ತೀರ್ಪು ಕೊಡಲಾಗದು. ಗುರುತು ಬಿದ್ದ ಬೀದಿಗಳು ಮೊದಲೇ ಕಠಿಣವಾದವುಗಳಾಗಿದ್ದಿರಬಹುದು. ಆದರೂ ಈ ಅಂಕಿಗಳು ಒಂದು ಸಂಶಯವನ್ನು ಬಲಪಡಿಸುತ್ತವೆ. ಗುರುತು ಸವಾರನಿಗೆ ಧೈರ್ಯವನ್ನು ಕೊಡುತ್ತದೆ, ರಕ್ಷಣೆಯನ್ನು ಕೊಡುವುದಿಲ್ಲ. ನಗರಸಭೆಗೆ ಅದು ಅಗ್ಗದ ಕೆಲಸ. ಒಂದು ಡಬ್ಬಿ ಬಣ್ಣ, ಒಂದು ಅಚ್ಚು, ಯಾರ ಕಾರನ್ನೂ ಕದಲಿಸಬೇಕಾಗಿಲ್ಲ.

ಕರ್ನಾಟಕದ ಅನುಭವವು ಪ್ರತ್ಯೇಕ ಪಥದ ವಿಷಯದಲ್ಲಿ ಹೆಚ್ಚು ಪಾಠ ಹೇಳುವಂಥದು. ಬೆಂಗಳೂರಿನ ಜಯನಗರ ಮರಗಳ ನೆರಳುಳ್ಳ, ಅಗಲವಾದ ಬೀದಿಗಳ ಬಡಾವಣೆ. 2010ರ ದಶಕದ ಆರಂಭದಲ್ಲಿ ಅಲ್ಲಿ ಗೆರೆ ಎಳೆದು ಬೈಸಿಕಲ್ ಪಥಗಳನ್ನು ಗುರುತಿಸಲಾಯಿತು. ಗೆರೆಯ ಆಚೆಗೆ ಕಟ್ಟೆಯಿರಲಿಲ್ಲ. ಆದುದರಿಂದ ಆ ಪಥಗಳಲ್ಲಿ ಕಾರುಗಳು ನಿಂತವು, ಗೆರೆಗಳು ಅವುಗಳ ಚಕ್ರಗಳ ಕೆಳಗೆ ಮಾಸಿದವು. ತರುವಾಯ 2020ರಲ್ಲಿ, ಕೋವಿಡ್ ರೋಗದ ದಿನಗಳಲ್ಲಿ, ಕೇಂದ್ರ ಸರಕಾರವು ನಗರಗಳಿಗೆ ಬೈಸಿಕಲ್ ಪಥಗಳ ಸ್ಪರ್ಧೆಯೊಂದನ್ನು ಏರ್ಪಡಿಸಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವು ಹೊರವರ್ತುಲ ರಸ್ತೆಯಲ್ಲಿ ಸೆಂಟ್ರಲ್ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ ಸುಮಾರು 17 ಕಿಲೋಮೀಟರು ಉದ್ದದ ತಾತ್ಕಾಲಿಕ ಪಥದ ಯೋಜನೆಯನ್ನು ಕೈಗೊಂಡಿತು. ಅಂಚಿನಲ್ಲಿ ಗೂಟಗಳನ್ನು ನೆಟ್ಟರು. ಗೂಟಗಳ ನಡುವಿನ ಸಂದಿನಲ್ಲಿ ಮೋಟಾರ್ ಸೈಕಲ್ಲುಗಳು ನುಸುಳಿದವು, ಕೆಲವು ಗೂಟಗಳು ಮುರಿದವು. ಮುಂದೆ ಅದೇ ರಸ್ತೆಯಲ್ಲಿ ಮೆಟ್ರೋ ರೈಲಿನ ಕಾಮಗಾರಿ ಮೊದಲಾಗಲು ಪಥಕ್ಕೆ ಎಡೆಯಿಲ್ಲದಾಯಿತು. ಮೈಸೂರಿನಲ್ಲಿ 2017ರ ಜೂನ್ ತಿಂಗಳಿನಲ್ಲಿ 450 ಬೈಸಿಕಲ್ಲುಗಳೊಡನೆ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಯೋಜನೆ ಸವಾರರನ್ನು ಒದಗಿಸಿತು. ಪಥವನ್ನು ಒದಗಿಸುವುದು ಅದರ ಕೆಲಸವಾಗಿರಲಿಲ್ಲ.

ಈ ನಿದರ್ಶನಗಳಲ್ಲಿ ಒಂದು ತೊಡಕು ಎದ್ದು ಕಾಣುತ್ತದೆ. ಯುರೋಪು, ಅಮೆರಿಕಗಳಲ್ಲಿ ಬೈಸಿಕಲ್ಲಿನ ಪ್ರತಿಸ್ಪರ್ಧಿ ಕಾರು. ಕಾರನ್ನು ತಡೆಯಲು ಎರಡು ಗೂಟ ಸಾಕು. ಭಾರತದಲ್ಲಿ ನೋಂದಾಯಿತ ವಾಹನಗಳ ನಾಲ್ಕರಲ್ಲಿ ಸುಮಾರು ಮೂರು ಪಾಲು ದ್ವಿಚಕ್ರ ಮೋಟಾರುಗಳೇ. ಬೈಸಿಕಲ್ಲು ತೂರುವ ಸಂದಿನಲ್ಲಿ ಸ್ಕೂಟರೂ ತೂರುತ್ತದೆ. ಆದ್ದರಿಂದ ಪರದೇಶದ ನಕ್ಷೆಯನ್ನು ಇದ್ದಂತೆಯೇ ತಂದು ಬಿಡಿಸಿದರೆ ಸಾಲದು. ನೆಲದಿಂದ ಎತ್ತರಿಸಿದ ಪಥ, ಕೂಡುಮಾರ್ಗಗಳಲ್ಲಿ ಬಿಗಿಯಾದ ತಿರುವು, ಇವೆಲ್ಲಕ್ಕೂ ಮಿಗಿಲಾಗಿ ದಂಡ ವಿಧಿಸುವ ಪೋಲೀಸರ ಉಪಸ್ಥಿತಿ ಇಲ್ಲದೆ ಪ್ರತ್ಯೇಕ ಪಥವು ಸ್ಕೂಟರುಗಳ ಒಳದಾರಿಯಾಗಿಬಿಡುತ್ತದೆ. ದಿಲ್ಲಿಯಲ್ಲಿ 2008ರಲ್ಲಿ ತೆರೆದ ಬಸ್ಸಿನ ವಿಶೇಷ ಪಥದೊಡನೆ ಬೈಸಿಕಲ್ಲಿಗೂ ಬೇರೆ ಹಾದಿಯನ್ನು ಕಟ್ಟಿದ್ದರು. ಮೋಟಾರು ಸವಾರರು ಅದನ್ನೂ ಬಿಡಲಿಲ್ಲ. ಆ ಇಡೀ ಬಸ್ ಪಥವನ್ನೇ 2016ರಲ್ಲಿ ಕಿತ್ತುಹಾಕಲಾಯಿತು.

ಪ್ರತ್ಯೇಕ ಪಥವನ್ನು ವಿರೋಧಿಸುವವರ ವಾದದಲ್ಲಿಯೂ ಸತ್ಯಾಂಶವುಂಟು. ಜಾನ್ ಫಾರೆಸ್ಟರ್ ಎಂಬ ಅಮೆರಿಕದ ಇಂಜಿನಿಯರನು 1970ರ ದಶಕದಿಂದಲೂ, ಬೈಸಿಕಲ್ಲು ಒಂದು ವಾಹನ, ಅದರ ಸವಾರನು ಉಳಿದ ಚಾಲಕರಂತೆಯೇ ವರ್ತಿಸಬೇಕು, ಅವನನ್ನು ಮೂಲೆಗೆ ತಳ್ಳುವುದು ಅವನ ಹಕ್ಕಿಗೂ ಕ್ಷೇಮಕ್ಕೂ ಕುಂದು ಎಂದು ಸಾಧಿಸಿದನು. ಅವನ ಆಕ್ಷೇಪದ ಬಲವಿರುವುದು ಕೂಡುಮಾರ್ಗಗಳಲ್ಲಿ. ಭಾರತದಂತಹ ಎಡಬದಿಯ ಸಂಚಾರದಲ್ಲಿ ಬೈಸಿಕಲ್ಲು ಎಡ ಅಂಚಿನ ಪಥದಲ್ಲಿ ನೇರವಾಗಿ ಹೋಗುತ್ತಿದ್ದು, ಪಕ್ಕದ ಬಸ್ಸು ಎಡಕ್ಕೆ ತಿರುಗಿದರೆ ಇಬ್ಬರ ಹಾದಿಯೂ ಒಂದನ್ನೊಂದು ಕತ್ತರಿಸುತ್ತದೆ. ನಿಂತ ಕಾರುಗಳ ಮರೆಯಲ್ಲಿ ಬಂದ ಸವಾರನನ್ನು ಚಾಲಕನು ಕಾಣುವುದೇ ಕೊನೆಯ ಗಳಿಗೆಯಲ್ಲಿ. ಆದುದರಿಂದ ಕೂಡುಮಾರ್ಗಕ್ಕೆ ಮುಂಚೆಯೇ ಮರೆಯನ್ನು ತೆಗೆಯಬೇಕು, ತಿರುವನ್ನು ಕಿರಿದುಮಾಡಿ ವೇಗವನ್ನು ಕುಗ್ಗಿಸಬೇಕು, ಸಾಧ್ಯವಿದ್ದಲ್ಲಿ ಬೈಸಿಕಲ್ಲಿಗೆ ಬೇರೆಯ ದೀಪವನ್ನು ಕೊಡಬೇಕು. ಬದು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಪಾಳಿ ಬೇಕು.

ಆದರೆ ಫಾರೆಸ್ಟರನ ವಾದವು ಗಟ್ಟಿಮುಟ್ಟಾದ ತರುಣ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕನೂ, ಎಂಟನೆಯ ಇಯತ್ತೆಯ ಹುಡುಗಿಯೂ ಬಸ್ಸಿನ ಮುಂದೆ ಪಥದ ನಡುವನ್ನು ಹಿಡಿದು ಸಾಗಲಾರರು. ಕರ್ನಾಟಕ ಸರಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚತೊಡಗಿದಾಗ ಸಾವಿರಾರು ಹಳ್ಳಿಗಳ ಹುಡುಗಿಯರಿಗೆ ಪ್ರೌಢಶಾಲೆ ಹತ್ತಿರವಾಯಿತು. ಬೈಸಿಕಲ್ಲು ದೊರೆತ ಮಗುವಿಗೆ ಹಾದಿ ದೊರೆಯಿತೇ ಎಂದು ಅಷ್ಟೇ ಕಾಳಜಿಯಿಂದ ಕೇಳಿದವರು ವಿರಳ. ಸಹಪಥದ ಗುರುತು ಬಲಿಷ್ಠನ ತಾಳ್ಮೆಯನ್ನು ನಂಬಿ ನಿಂತಿದೆ. ತಾಳ್ಮೆ ತಪ್ಪಿದ ದಿನ ದಂಡ ತೆರುವವನು ದುರ್ಬಲನು.

ಹಾಲೆಂಡ್ ದೇಶವು ಈ ಪಾಠವನ್ನು ಮಕ್ಕಳ ಸಾವುಗಳಿಂದ ಕಲಿಯಿತು. 1971ರಲ್ಲಿ ಅಲ್ಲಿ 3,000ಕ್ಕೂ ಮಿಕ್ಕಿ ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ತಾಯ್ತಂದೆಗಳು ಬೀದಿಗಿಳಿದು ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ಹೆಸರಿನ ಚಳವಳಿಯನ್ನು ಹೂಡಿದರು. 1973ರ ತೈಲ ಮುಗ್ಗಟ್ಟು ಅದಕ್ಕೆ ಬಲಕೊಟ್ಟಿತು. ಮುಂದಿನ ದಶಕಗಳಲ್ಲಿ ಅಲ್ಲಿ ರೂಢಿಗೆ ಬಂದ ಕ್ರಮ ಬಹು ಸರಳವಾದುದು: ವಸತಿಯ ಬೀದಿಯಲ್ಲಿ ವೇಗವನ್ನು 30 ಕಿಲೋಮೀಟರಿಗೆ ಇಳಿಸಿ ಎಲ್ಲರನ್ನೂ ಕೂಡಿಸುವುದು, ವೇಗವನ್ನು ಇಳಿಸಲಾಗದ ಹೆದ್ದಾರಿಯಲ್ಲಿ ಬೇರ್ಪಡಿಸುವುದು. ಸಹಪಥಕ್ಕೂ ಅಲ್ಲಿ ಸ್ಥಾನವುಂಟು, ಆದರೆ ಅದನ್ನು ಬಣ್ಣದಿಂದಲ್ಲ, ಇಕ್ಕಟ್ಟಾದ ತಿರುವು, ಉಬ್ಬು, ಇಟ್ಟಿಗೆಯ ನೆಲಗಳಿಂದ ಸಾಧಿಸುತ್ತಾರೆ. ಬೀದಿಯೇ ಚಾಲಕನನ್ನು ನಿಧಾನಿಸುತ್ತದೆ.

ಭಾರತದಲ್ಲಿ ಈ ಕುರಿತು ನಿಯಮವೇ ಇರಲಿಲ್ಲವೆಂದು ಭಾವಿಸಬಾರದು. ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಷ್ಟು ಹಿಂದೆಯೇ ಬೈಸಿಕಲ್ ಪಥಗಳ ಕೈಪಿಡಿಯನ್ನು ಹೊರಡಿಸಿತು. 2015ರಲ್ಲಿ ಅದನ್ನು ಪರಿಷ್ಕರಿಸಿತು. ಮೊದಲ ಕೈಪಿಡಿಯ ಅಳತೆಗೋಲು ಇಂತಿತ್ತು: ದಟ್ಟಣೆಯ ಗಂಟೆಯಲ್ಲಿ 100ರಿಂದ 200 ಮೋಟಾರುಗಳು ಓಡುವ ರಸ್ತೆಯಲ್ಲಿ ಬೈಸಿಕಲ್ಲುಗಳು 400 ಅಥವಾ ಹೆಚ್ಚಿದ್ದರೆ ಪ್ರತ್ಯೇಕ ಪಥ ಯೋಗ್ಯ, ಮೋಟಾರುಗಳು 200ನ್ನು ಮೀರಿದರೆ ಬೈಸಿಕಲ್ಲುಗಳು ಬರಿಯ 100 ಇದ್ದರೂ ಯೋಗ್ಯ. ಪಥದ ಅಗಲ ಕನಿಷ್ಠ 2 ಮೀಟರು.

ಈ ಅಳತೆಯನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಕಾಗಿಲ್ಲ. ಶಾಲೆ ಬಿಡುವ ಹೊತ್ತಿಗೆ ನಾಲ್ವರು ವಿದ್ಯಾರ್ಥಿಗಳು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತು, ಇಬ್ಬರು ಬೈಸಿಕಲ್ಲುಗಳನ್ನೂ ಇಬ್ಬರು ಮೋಟಾರುಗಳನ್ನೂ ಐದೈದರ ಗೀಟು ಹಾಕಿ ಎಣಿಸಬಹುದು. ಕಾಲುಗಂಟೆಗೊಮ್ಮೆ ಹಾಳೆಯನ್ನು ಬದಲಿಸಬೇಕು; ಟ್ರ್ಯಾಕ್ಟರು, ಬಸ್ಸು, ಲಾರಿ, ಸ್ಕೂಟರುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಕಬ್ಬಿನ ಹಂಗಾಮಿನಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ ಎಣಿಸಿದರೆ ಒಂದೇ ರಸ್ತೆ ಎರಡು ಬಗೆಯ ಉತ್ತರವನ್ನು ಕೊಡುವುದು ಕಂಡುಬಂದೀತು. ಬೈಸಿಕಲ್ಲಿನ ಸಂಖ್ಯೆ 100ಕ್ಕಿಂತ ತೀರ ಕಡಿಮೆ ಬಂದರೆ, ಆ ಹಾದಿಗೆ ಮಕ್ಕಳನ್ನು ಬೈಸಿಕಲ್ಲಿನ ಮೇಲೆ ಕಳಿಸಲು ಎಷ್ಟು ಮನೆಗಳು ಅಂಜುತ್ತಿವೆ ಎಂಬುದನ್ನು ತರಗತಿಯಲ್ಲಿ ಕೇಳಿ, ಆ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದಿಡಬೇಕು.